ಲಾಗ್ ಪುಸ್ತಕದ ಪತಂಗವೂ ಕೆಂಭಾವಿಯ ಪಹಣಿಯೂ

ಪಹಣಿಯಲ್ಲಿ ತಂದೆಯ ಹೆಸರು ತಪ್ಪಾಗಿದೆ, ಮೂರು ಎಕರೆ ಹತ್ತು ಗುಂಟೆ ಇರಬೇಕಾದ ಜಮೀನು ಎರಡೂವರೆ ಎಕರೆಯಾಗಿದೆ, ಎಂದೋ ತೀರಿಸಿದ ಸಾಲ ಋಣದ ಕಾಲಂನಲ್ಲಿ ಇನ್ನೂ ಉಳಿದಿದೆ ಎಂದು ರೈತನೊಬ್ಬ ಕಚೇರಿಯ ಕಿಟಕಿಯ ಮುಂದೆ ನಿಂತು ಹೇಳಿಕೊಂಡರೆ, ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ. ಕಂಪ್ಯೂಟರಿನಲ್ಲಿಯೇ ಹಾಗಿದೆ ಎಂಬುದು ಆ ಉತ್ತರ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕೆಂಭಾವಿಯ ರೈತನಿರಲಿ, ಹಳೆಯ ಮೈಸೂರಿನ ಯಾವುದೋ ಹೋಬಳಿಯವನಿರಲಿ, ಈ ಮಾತಿಗೆ ಮರುಮಾತು ಹೂಡುವುದು ಕಷ್ಟ. ತಪ್ಪು ಯಾವಾಗ ಆಯಿತು, ಯಾವ ಕಾಗದದಿಂದ ನಕಲಾಗುವಾಗ ಆಯಿತು, ಯಾರ ಕೈಯಲ್ಲಿ ಆಯಿತು ಎಂಬ ಯಾವ ವಿವರವೂ ಆ ಉತ್ತರದಲ್ಲಿ ಇರುವುದಿಲ್ಲ. ತಾರೀಖಿಲ್ಲದ ತಪ್ಪು ಯಾರದೂ ಅಲ್ಲದ ತಪ್ಪಾಗುತ್ತದೆ. ಯಾರದೂ ಅಲ್ಲದ ತಪ್ಪನ್ನು ತಿದ್ದುವ ಹೊಣೆಯೂ ಯಾರ ಮೇಲೂ ಬೀಳುವುದಿಲ್ಲ.

ಕಂಪ್ಯೂಟರ್ ಎಂಬ ಯಂತ್ರದ ಮೇಲೆ ಹೀಗೆ ಭಾರ ಹಾಕುವವರು ಅದರ ಚರಿತ್ರೆಯನ್ನು ಒಮ್ಮೆ ನೋಡಬೇಕು. ಈ ಯಂತ್ರದ ಹುಟ್ಟಿನ ದಿನಗಳಲ್ಲಿಯೇ ಅದರೊಡನೆ ದುಡಿದವರು ಪ್ರತಿಯೊಂದು ದೋಷಕ್ಕೂ ದಿನ, ಗಂಟೆ, ಸ್ಥಳವನ್ನು ನಮೂದಿಸುವ ಶಿಸ್ತನ್ನು ರೂಢಿಸಿಕೊಂಡಿದ್ದರು. ಆ ಶಿಸ್ತಿನೊಂದಿಗೆ ಇಂದಿಗೂ ಹೆಸರು ಬೆಸೆದುಕೊಂಡಿರುವವರು ಅಮೆರಿಕದ ನೌಕಾಪಡೆಯ ಅಧಿಕಾರಿಯೂ ಗಣಿತಜ್ಞೆಯೂ ಆಗಿದ್ದ ಗ್ರೇಸ್ ಹಾಪರ್. ಅವರ ಬದುಕು ದೋಷಗಳನ್ನು ಹುಡುಕುವುದರಲ್ಲಿ, ಅವು ಮರುಕಳಿಸದಂತೆ ಉಪಾಯ ಹೂಡುವುದರಲ್ಲಿ ಕಳೆದ ಬದುಕು. ನಮ್ಮ ನಾಡಕಚೇರಿಗಳಿಗೂ ಸಹಕಾರ ಸಂಘಗಳಿಗೂ ಅದರಿಂದ ಕಲಿಯುವುದು ಸಾಕಷ್ಟಿದೆ.

ಗ್ರೇಸ್ ಬ್ರೂಸ್ಟರ್ ಮರ್ರೆ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕ್ ನಗರದಲ್ಲಿ. ಏಳು ವರ್ಷದ ಬಾಲಕಿಯಾಗಿದ್ದಾಗ ಅಲಾರಂ ಗಡಿಯಾರವೊಂದು ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಅದನ್ನು ಬಿಚ್ಚಿದಳು. ಜೋಡಿಸಲು ಬಾರದೆ ಇನ್ನೊಂದನ್ನು ಬಿಚ್ಚಿದಳು. ಹೀಗೆ ಮನೆಯ ಏಳು ಗಡಿಯಾರಗಳೂ ಬಿಚ್ಚಿಹೋದ ಮೇಲೆ ತಾಯಿ ಅವಳ ಪ್ರಯೋಗಕ್ಕೆ ಒಂದೇ ಗಡಿಯಾರವೆಂದು ಕಟ್ಟುಪಾಡು ವಿಧಿಸಿದರಂತೆ. ಕೆಟ್ಟದ್ದನ್ನು ಮುಚ್ಚಿಡದೆ ಬಿಚ್ಚಿ ನೋಡುವ ಈ ಗುಣ ಅವರನ್ನು ಕಡೆಯವರೆಗೂ ಬಿಡಲಿಲ್ಲ. 1928ರಲ್ಲಿ ವಾಸರ್ ಕಾಲೇಜಿನಿಂದ ಗಣಿತ ಮತ್ತು ಭೌತಶಾಸ್ತ್ರದಲ್ಲಿ ಪದವಿ, 1930ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿ, 1934ರಲ್ಲಿ ಅಲ್ಲಿಂದಲೇ ಗಣಿತದಲ್ಲಿ ಡಾಕ್ಟರೇಟ್ ಪಡೆದರು. 1930ರಲ್ಲಿ ವಿನ್ಸೆಂಟ್ ಹಾಪರ್ ಅವರನ್ನು ವಿವಾಹವಾದರು. 1945ರಲ್ಲಿ ವಿಚ್ಛೇದನವಾದರೂ ಹಾಪರ್ ಎಂಬ ಹೆಸರು ಅವರಲ್ಲಿಯೇ ಉಳಿಯಿತು. 1931ರಿಂದ ವಾಸರ್ ಕಾಲೇಜಿನಲ್ಲಿ ಗಣಿತದ ಅಧ್ಯಾಪಕಿಯಾಗಿದ್ದ ಅವರ ಜೀವನ ಯುದ್ಧವಿಲ್ಲದಿದ್ದರೆ ಅಲ್ಲಿಯೇ ಮುಗಿಯುತ್ತಿತ್ತೇನೋ.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಸೇರಿಕೊಂಡಾಗ ಹಾಪರ್ ನೌಕಾಪಡೆಗೆ ಸೇರಲು ಮುಂದಾದರು. ವಯಸ್ಸು ಹೆಚ್ಚಾಗಿತ್ತು, ದೇಹದ ತೂಕ ನಿಗದಿಗಿಂತ ಕಡಿಮೆಯಿತ್ತು. ವಿಶೇಷ ವಿನಾಯಿತಿ ಪಡೆದು 1943ರ ಡಿಸೆಂಬರಿನಲ್ಲಿ ಮೀಸಲು ಪಡೆಯ ಮಹಿಳಾ ವಿಭಾಗವನ್ನು ಸೇರಿದರು. 1944ರ ಬೇಸಿಗೆಯಲ್ಲಿ ಅವರನ್ನು ಕಳುಹಿಸಿದ್ದು ಹಡಗಿಗಲ್ಲ, ಹಾರ್ವರ್ಡ್ ವಿಶ್ವವಿದ್ಯಾಲಯದ ನೆಲಮಾಳಿಗೆಗೆ. ಅಲ್ಲಿ ಹೊವಾರ್ಡ್ ಐಕೆನ್ ಎಂಬ ಕಟ್ಟುನಿಟ್ಟಿನ ಅಧಿಕಾರಿಯ ಕೈಕೆಳಗೆ ಮಾರ್ಕ್ 1 ಎಂಬ ಮಹಾಯಂತ್ರವಿತ್ತು. 51 ಅಡಿ ಉದ್ದ, 8 ಅಡಿ ಎತ್ತರ, ಸುಮಾರು 5 ಟನ್ ಭಾರ. ಅದು 23 ಅಂಕಿಗಳ ಸಂಖ್ಯೆಗಳನ್ನು ನಿಭಾಯಿಸುತ್ತಿತ್ತು. ಸೆಕೆಂಡಿಗೆ ಮೂರು ಸಂಕಲನ ಮಾಡುತ್ತಿತ್ತು, ಒಂದು ಗುಣಾಕಾರಕ್ಕೆ ಸುಮಾರು ಆರು ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಆದೇಶಗಳನ್ನು ತೂತುಗಳ ರೂಪದಲ್ಲಿ ಕಾಗದದ ಪಟ್ಟಿಯ ಮೇಲೆ ಕೊರೆದು ಅದಕ್ಕೆ ಉಣಿಸಬೇಕಾಗಿತ್ತು. ಒಂದು ತೂತು ಹೆಚ್ಚಾದರೆ ಅಥವಾ ಕಡಿಮೆಯಾದರೆ ಇಡೀ ಲೆಕ್ಕ ಕೆಡುತ್ತಿತ್ತು. ಯುದ್ಧದ ಫಿರಂಗಿಗಳ ಕೋಷ್ಟಕಗಳು ಅಲ್ಲಿ ಸಿದ್ಧವಾಗುತ್ತಿದ್ದುದರಿಂದ ಕೆಟ್ಟ ಲೆಕ್ಕದ ಬೆಲೆಯನ್ನು ತೆರುವವರು ದೂರದ ಸಮುದ್ರದಲ್ಲಿದ್ದ ನಾವಿಕರಾಗಿರುತ್ತಿದ್ದರು. ಈ ಯಂತ್ರದ ಬಳಕೆಯ ಬಗ್ಗೆ ಹಾಪರ್ ಪ್ರಧಾನ ಲೇಖಕಿಯಾಗಿ ಸಿದ್ಧಪಡಿಸಿದ 561 ಪುಟಗಳ ಕೈಪಿಡಿ 1946ರಲ್ಲಿ ಪ್ರಕಟವಾಯಿತು.

ಹಡಗಿನವರಿಗೆ ಲಾಗ್ ಪುಸ್ತಕ ಹೊಸದಲ್ಲ. ಹಗ್ಗ ಕಟ್ಟಿದ ಮರದ ತುಂಡೊಂದನ್ನು ನೀರಿಗೆ ಎಸೆದು ಹಡಗಿನ ವೇಗವನ್ನು ಅಳೆಯುತ್ತಿದ್ದ ಕಾಲದಿಂದ ಆ ಹೆಸರು ಬಂದಿದೆ. ಅಳತೆಯನ್ನು ಗಂಟೆಗೆ ತಕ್ಕಂತೆ ಬರೆದಿಡುವ ಪುಸ್ತಕಕ್ಕೂ ಅದೇ ಹೆಸರು ಅಂಟಿತು. ದಿಕ್ಕು ತಪ್ಪಿದಾಗ ಎಲ್ಲಿ ತಪ್ಪಿದೆವೆಂದು ತಿಳಿಯಲು ನಾವಿಕನಿಗೆ ಈ ಪುಸ್ತಕವೇ ಆಧಾರ. ಹಾರ್ವರ್ಡಿನ ಗಣಕಶಾಲೆಯೂ ನೌಕಾಪಡೆಯ ಅಧೀನದಲ್ಲಿದ್ದುದರಿಂದ ಅಲ್ಲಿಯೂ ಯಂತ್ರದ ದಿನಚರಿ ಬರೆಯಲಾಗುತ್ತಿತ್ತು. ಯಂತ್ರ ಎಷ್ಟು ಗಂಟೆಗೆ ಆರಂಭವಾಯಿತು, ಯಾವ ಪರೀಕ್ಷೆ ನಡೆಯಿತು, ಯಾವ ಭಾಗ ಕೈಕೊಟ್ಟಿತು, ಏನು ಮಾಡಿದ ಮೇಲೆ ಸರಿಹೋಯಿತು ಎಂಬುದೆಲ್ಲ ಅದರಲ್ಲಿ ಸೇರುತ್ತಿತ್ತು.

ಮಾರ್ಕ್ 1ರ ನಂತರ ಬಂದ ಮಾರ್ಕ್ 2 ಯಂತ್ರದ ದಿನಚರಿಯ ಒಂದು ಪುಟ ಲೋಕಪ್ರಸಿದ್ಧವಾಗಿದೆ. 1947ರ ಸೆಪ್ಟೆಂಬರ್ 9ರಂದು ಯಂತ್ರ ತಪ್ಪು ಉತ್ತರ ಕೊಡತೊಡಗಿತು. ಕಾರಣ ಹುಡುಕುತ್ತ ಹೋದ ಸಿಬ್ಬಂದಿಗೆ ಎಫ್ ಫಲಕದ 70ನೇ ರಿಲೇಯಲ್ಲಿ ಸಿಕ್ಕಿಕೊಂಡು ಸತ್ತಿದ್ದ ಪತಂಗವೊಂದು ಕಂಡಿತು. ಅದನ್ನು ಹೊರತೆಗೆದು ದಿನಚರಿಯ ಪುಟಕ್ಕೆ ಅಂಟುಪಟ್ಟಿಯಿಂದ ಅಂಟಿಸಿ, ಮಧ್ಯಾಹ್ನ 3 ಗಂಟೆ 45 ನಿಮಿಷ ಎಂದು ಹೊತ್ತು ನಮೂದಿಸಿ, ನಿಜವಾದ ಹುಳುವೊಂದು ಸಿಕ್ಕಿದ್ದು ಇದೇ ಮೊದಲೆಂಬ ಅರ್ಥದ ಷರಾ ಬರೆದರು. ಯಂತ್ರದ ದೋಷವನ್ನು ಹುಳು ಎಂದು ಕರೆಯುವ ರೂಢಿ ಅದಕ್ಕಿಂತ ಹಳೆಯದು. 1878ರಷ್ಟು ಹಿಂದೆಯೇ ಎಡಿಸನ್ ಆ ಪದವನ್ನು ಬಳಸಿದ್ದುಂಟು. ಆ ಷರಾದ ವಿನೋದವಿರುವುದೂ ಅಲ್ಲಿಯೇ. ಪತಂಗವನ್ನು ಹಿಡಿದವರು ಹಾಪರ್ ಅಲ್ಲ. ಆದರೆ ಮುಂದಿನ ದಶಕಗಳಲ್ಲಿ ಈ ಕಥೆಯನ್ನು ಊರೂರಿಗೆ ಹೇಳಿ ಹಬ್ಬಿಸಿದವರು ಅವರೇ. ಆ ಪುಟ ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದೆ.

ಈ ಘಟನೆಯಲ್ಲಿ ಪತಂಗಕ್ಕಿಂತ ಮುಖ್ಯವಾದದ್ದು ಆ ಪುಟ. ಹುಳುವನ್ನು ಊದಿ ಬಿಸಾಡಿ ಯಂತ್ರವನ್ನು ಮತ್ತೆ ಚಾಲೂ ಮಾಡಿದ್ದರೂ ಆ ದಿನದ ಕೆಲಸ ನಡೆಯುತ್ತಿತ್ತು. ಆದರೆ ಮರುದಿನ ಇನ್ನೊಂದು ರಿಲೇ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕೆಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ದೋಷ, ಅದರ ಜಾಗ, ಅದರ ಹೊತ್ತು, ಅದರ ಸಾಕ್ಷಿ ಈ ನಾಲ್ಕೂ ಒಂದೇ ಪುಟದಲ್ಲಿ ದಾಖಲಾದವು. ಇಂದು ದತ್ತಾಂಶದ ತಂತ್ರಾಂಶಗಳಲ್ಲಿ ದೋಷ ದಾಖಲೆ ಎಂದು ಕರೆಯುವ ವ್ಯವಸ್ಥೆಯ ತಿರುಳು ಇಷ್ಟೇ.

ಹಾಪರ್ ಅವರ ಮುಂದಿನ ಹೆಜ್ಜೆಯೂ ದೋಷದ ಅನುಭವದಿಂದಲೇ ಬಂದದ್ದು. ಹಾರ್ವರ್ಡಿನಲ್ಲಿ ಅವರೂ ಸಹೋದ್ಯೋಗಿಗಳೂ ಸರಿಯಾಗಿ ಕೆಲಸ ಮಾಡಿದ ಆದೇಶಗಳ ತುಣುಕುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಹೊಸ ಲೆಕ್ಕ ಬಂದಾಗ ಅವನ್ನು ಒಬ್ಬರಿಂದೊಬ್ಬರು ಕೈಯಲ್ಲಿ ನಕಲು ಮಾಡಿಕೊಳ್ಳುತ್ತಿದ್ದರು. ಇಂಗ್ಲಿಷಿನ ಬಿ ಅಕ್ಷರ 13 ಆಗುತ್ತಿತ್ತು; ಖಾಲಿ ಜಾಗವನ್ನು ಸೂಚಿಸುವ ತ್ರಿಕೋನದ ಗುರುತು 4 ಆಗುತ್ತಿತ್ತು. ವಿದ್ಯಾವಂತ ಗಣಿತಜ್ಞರೂ ನಕಲು ಮಾಡುವಾಗ ತಪ್ಪುತ್ತಾರೆ, ಕೂಡುವಾಗಲೂ ತಪ್ಪುತ್ತಾರೆ ಎಂಬುದನ್ನು ಹಾಪರ್ ಮುಜುಗರವಿಲ್ಲದೆ ಒಪ್ಪಿಕೊಂಡರು. ಮನುಷ್ಯನನ್ನು ಬೈದು ಫಲವಿಲ್ಲ, ನಕಲು ಮಾಡುವ ಕೆಲಸವನ್ನೇ ಯಂತ್ರಕ್ಕೆ ಒಪ್ಪಿಸಬೇಕೆಂಬ ತೀರ್ಮಾನಕ್ಕೆ ಬಂದರು.

1949ರಲ್ಲಿ ಹಾರ್ವರ್ಡ್ ಬಿಟ್ಟು ಫಿಲಡೆಲ್ಫಿಯಾದ ಎಕರ್ಟ್-ಮಾಕ್ಲಿ ಕಂಪನಿ ಸೇರಿದರು. ಮರುವರ್ಷ ಅದನ್ನು ರೆಮಿಂಗ್ಟನ್ ರ‍್ಯಾಂಡ್ ಕೊಂಡುಕೊಂಡಿತು. ಆ ಕಾಲದಲ್ಲಿಯೇ ನಡೆದ ಒಂದು ಪ್ರಸಂಗವನ್ನು ಅವರು ಅನೇಕ ಬಾರಿ ಹೇಳಿಕೊಂಡಿದ್ದುಂಟು. ಬಿನಾಕ್ ಎಂಬ ಯಂತ್ರ ಎಂಟರ ಎಣಿಕೆಯಲ್ಲಿ ನಡೆಯುತ್ತಿತ್ತು. ಅಲ್ಲಿ ನೂರರಿಂದ ಒಂದು ಕಳೆದರೆ ಎಪ್ಪತ್ತೇಳು ಎಂದು ಬರೆಯಬೇಕು. ಹಗಲೆಲ್ಲ ಹೀಗೆ ಲೆಕ್ಕ ಮಾಡಿ ಅಭ್ಯಾಸವಾಗಿ ಹಾಪರ್ ತಮ್ಮ ಬ್ಯಾಂಕಿನ ಚೆಕ್ ಪುಸ್ತಕದಲ್ಲಿಯೂ ಎಂಟರ ಎಣಿಕೆಯಲ್ಲೇ ಕಳೆಯತೊಡಗಿದ್ದರು. ಲೆಕ್ಕ ತಾಳೆಯಾಗದೆ ಹೋದಾಗ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ತಮ್ಮನನ್ನು ಕೇಳಿದರು. ಆತ ಸಾಲು ಸಾಲಾಗಿ ಹಿಂದಕ್ಕೆ ನೋಡುತ್ತ ಹೋಗಿ ತಪ್ಪಿನ ಬೇರನ್ನು ಪತ್ತೆ ಹಚ್ಚಿದ. ಚೆಕ್ ಪುಸ್ತಕದಲ್ಲಿ ಪ್ರತಿ ವ್ಯವಹಾರಕ್ಕೂ ತಾರೀಖು, ಮೊತ್ತ ಬರೆದಿದ್ದುದರಿಂದಲೇ ಅದು ಸಾಧ್ಯವಾಯಿತು.

ಈ ಪ್ರಸಂಗ ನಮ್ಮ ಜಮೀನಿನ ಲೆಕ್ಕಕ್ಕೆ ಹತ್ತಿರದ್ದು. ನಲವತ್ತು ಗುಂಟೆಗೆ ಒಂದು ಎಕರೆ. ಕೆಂಭಾವಿಯ ಸೀಮೆಯಲ್ಲಿ ಒಬ್ಬ ರೈತನಿಗೆ 1 ಎಕರೆ 20 ಗುಂಟೆಯ ಒಂದು ಹೊಲ, 1 ಎಕರೆ 30 ಗುಂಟೆಯ ಇನ್ನೊಂದು ಹೊಲ ಇದೆಯೆಂದುಕೊಳ್ಳೋಣ. ಎರಡೂ ಸೇರಿ 3 ಎಕರೆ 10 ಗುಂಟೆ. ಯಾವುದಾದರೂ ಸಣ್ಣ ಕಚೇರಿಯ ಕಂಪ್ಯೂಟರಿನಲ್ಲಿ ಇವನ್ನೇ 1.20 ಮತ್ತು 1.30 ಎಂದು ಬರೆದು ಕೂಡಿದರೆ ಯಂತ್ರ 2.50 ಎನ್ನುತ್ತದೆ. ಅದನ್ನು ದಶಮಾಂಶವೆಂದು ಓದಿಕೊಂಡರೆ ಎರಡೂವರೆ ಎಕರೆಯಾಯಿತು. ರೈತನ ಮೂವತ್ತು ಗುಂಟೆ ಕಾಣೆಯಾಯಿತು. ಯಂತ್ರ ಕೆಟ್ಟಿಲ್ಲ, ಗುಮಾಸ್ತ ಮೋಸ ಮಾಡಿಲ್ಲ, ವಿದ್ಯುತ್ ಹೋಗಿಲ್ಲ. ಎರಡು ಎಣಿಕೆಗಳು ಒಂದರೊಳಗೊಂದು ಬೆರೆತುಹೋಗಿವೆ. ಇಂತಹ ತಪ್ಪು ಪರದೆಯ ಮೇಲೆ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಮೂಲ ಅಂಕಿ ಮತ್ತು ಬದಲಾದ ಅಂಕಿ ಎರಡನ್ನೂ ತಾರೀಖಿನ ಸಮೇತ ಉಳಿಸಿಕೊಂಡಿದ್ದರೆ ಮಾತ್ರ ಅದನ್ನು ಹಿಡಿಯಬಹುದು.

1952ರ ಹೊತ್ತಿಗೆ ಹಾಪರ್ ಮತ್ತು ಸಂಗಡಿಗರು ಎ-0 ಎಂಬ ಮೊದಲ ಕಂಪೈಲರನ್ನು ಸಿದ್ಧಪಡಿಸಿದ್ದರು. ಬಳಸಿ ನೋಡಿ ಸರಿಯೆನಿಸಿದ ಆದೇಶಗಳ ತುಣುಕುಗಳನ್ನು ಟೇಪಿನಲ್ಲಿ ಇಟ್ಟು, ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು, ಆ ಸಂಖ್ಯೆ ಹೇಳಿದರೆ ಯಂತ್ರವೇ ಅವನ್ನು ಹುಡುಕಿ ಜೋಡಿಸಿಕೊಳ್ಳುವ ವ್ಯವಸ್ಥೆ ಅದು. ಕೈನಕಲಿನ ತಪ್ಪಿಗೆ ಅವಕಾಶವೇ ಇಲ್ಲದಂತಾಯಿತು. ಕಂಪ್ಯೂಟರ್ ಅಂಕಗಣಿತ ಮಾಡಬಲ್ಲದೇ ಹೊರತು ಪ್ರೋಗ್ರಾಂ ಬರೆಯಲಾರದೆಂದು ಅನೇಕರು ಅದನ್ನು ನಂಬಲೂ ಸಿದ್ಧರಿರಲಿಲ್ಲ.

ಹಾಪರ್ ಅಲ್ಲಿಗೂ ನಿಲ್ಲಲಿಲ್ಲ. ವ್ಯಾಪಾರದ ಲೆಕ್ಕ ಬರೆಯುವವರಿಗೆ ಗಣಿತದ ಚಿಹ್ನೆಗಳು ಹಿಡಿಸುವುದಿಲ್ಲ, ಅವರವರ ಮಾತಿನಲ್ಲಿಯೇ ಯಂತ್ರಕ್ಕೆ ಆದೇಶ ಕೊಡುವಂತಿರಬೇಕೆಂದು ಪಟ್ಟು ಹಿಡಿದರು. ಹಾಗೆ ರೂಪುಗೊಂಡದ್ದು ಫ್ಲೋ-ಮ್ಯಾಟಿಕ್ ಭಾಷೆ. ಇಂಗ್ಲಿಷಿನಲ್ಲಿ ಮಾಡಿದ್ದನ್ನು ಫ್ರೆಂಚ್, ಜರ್ಮನ್ ಪದಗಳಲ್ಲಿಯೂ ಮಾಡಿ ತೋರಿಸಿದಾಗ, ಅಮೆರಿಕದಲ್ಲಿ ತಯಾರಾದ ಯಂತ್ರ ಪರಭಾಷೆಯನ್ನು ಹೇಗೆ ಅರಿತೀತು ಎಂದು ಕಂಪನಿಯ ಮೇಲಧಿಕಾರಿಗಳು ಬೆಚ್ಚಿದರಂತೆ. ಯಂತ್ರಕ್ಕೆ ಎಲ್ಲ ಭಾಷೆಗಳೂ ಒಂದೇ ಎಂಬ ಸರಳ ಸತ್ಯ ಅವರಿಗೆ ಹೊಳೆದಿರಲಿಲ್ಲ. 1959ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಬೆಂಬಲದಿಂದ ಸೇರಿದ ಸಮಿತಿ ಕೋಬಾಲ್ ಭಾಷೆಯನ್ನು ರೂಪಿಸಿದಾಗ ಫ್ಲೋ-ಮ್ಯಾಟಿಕ್ ಅದಕ್ಕೆ ಮುಖ್ಯ ಬುನಾದಿಯಾಯಿತು. ಹಾಪರ್ ಆ ಕಾರ್ಯಕ್ಕೆ ತಾಂತ್ರಿಕ ಸಲಹೆಗಾರರಾಗಿದ್ದರು. ಜಗತ್ತಿನ ಬ್ಯಾಂಕುಗಳು, ವಿಮಾ ಕಂಪನಿಗಳು, ಸರ್ಕಾರಗಳು ದಶಕಗಳ ಕಾಲ ಲೆಕ್ಕವಿಟ್ಟದ್ದು ಈ ಭಾಷೆಯಲ್ಲಿ.

ಆ ಲೆಕ್ಕಗಳಲ್ಲಿಯೂ ಒಂದು ದೋಷ ಅಡಗಿತ್ತು. ಜಾಗ ಉಳಿಸಲೆಂದು ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆಯುವ ರೂಢಿ ಬೆಳೆದು, 2000ನೇ ಇಸವಿ ಬಂದಾಗ ಯಂತ್ರಗಳು ಅದನ್ನು 1900 ಎಂದು ಓದುವ ಭಯ ಹುಟ್ಟಿತು. ಅದನ್ನು ತಿದ್ದುವ ಕೆಲಸದ ದೊಡ್ಡ ಪಾಲು ಭಾರತಕ್ಕೆ ಬಂದಿತು. ಬೆಂಗಳೂರಿನ ತಂತ್ರಾಂಶ ಕಂಪನಿಗಳ ಬೆಳವಣಿಗೆಯಲ್ಲಿ ಅದರ ಪಾತ್ರ ಸಣ್ಣದಲ್ಲ. ಕನ್ನಡ ನಾಡಿನ ಎಷ್ಟೋ ತರುಣ ತರುಣಿಯರು 1990ರ ದಶಕದ ಕೊನೆಯಲ್ಲಿ ಕೋಬಾಲ್ ಕಲಿತದ್ದು ಹೊಸದನ್ನು ಬರೆಯಲಿಕ್ಕಲ್ಲ. ಹಳೆಯ ಪ್ರೋಗ್ರಾಂಗಳ ಸಾಲುಗಳನ್ನು ಒಂದೊಂದಾಗಿ ಪಟ್ಟಿ ಮಾಡಿ, ಪರೀಕ್ಷಿಸಿ, ತಿದ್ದಿ, ತಿದ್ದಿದ್ದನ್ನು ದಾಖಲಿಸಲಿಕ್ಕೆ. ಜಗತ್ತು ಆ ಗಂಡಾಂತರವನ್ನು ದಾಟಿದ್ದು ಈ ಬೇಸರದ ಕೆಲಸದಿಂದ.

ಹಾಪರ್ 1966ರ ಕೊನೆಯ ದಿನ ನೌಕಾಪಡೆಯಿಂದ ನಿವೃತ್ತರಾದರು. ಏಳೆಂಟು ತಿಂಗಳಲ್ಲಿಯೇ ನೌಕಾಪಡೆ ಅವರನ್ನು ಮರಳಿ ಕರೆಯಿತು. ಆರು ತಿಂಗಳ ಅವಧಿಗೆಂದು ಹೋದವರು ಹತ್ತೊಂಬತ್ತು ವರ್ಷ ಉಳಿದರು. ಬೇರೆ ಬೇರೆ ಕಂಪನಿಗಳ ಕೋಬಾಲ್ ಕಂಪೈಲರುಗಳು ಒಂದೇ ಪ್ರೋಗ್ರಾಮನ್ನು ಬೇರೆ ಬೇರೆಯಾಗಿ ಅರ್ಥ ಮಾಡಿಕೊಳ್ಳುತ್ತಿದ್ದವು. ಅವು ನಿಯಮಕ್ಕೆ ಅನುಗುಣವಾಗಿವೆಯೇ ಎಂದು ಪರೀಕ್ಷಿಸುವ ಪ್ರೋಗ್ರಾಂಗಳನ್ನು ಸಿದ್ಧಪಡಿಸುವುದು ಈ ಅವಧಿಯಲ್ಲಿ ಅವರ ಮುಖ್ಯ ಕೆಲಸವಾಗಿತ್ತು. ಉಪನ್ಯಾಸಗಳಿಗೆ ಹೋದಾಗ ಸುಮಾರು ಮೂವತ್ತು ಸೆಂಟಿಮೀಟರ್ ಉದ್ದದ ತಂತಿಯ ತುಂಡುಗಳನ್ನು ಹಂಚುತ್ತಿದ್ದರು. ಸೆಕೆಂಡಿನ ನೂರು ಕೋಟಿಯ ಒಂದು ಭಾಗದಲ್ಲಿ ವಿದ್ಯುತ್ ಸಂಕೇತ ಹೆಚ್ಚೆಂದರೆ ಸಾಗಬಲ್ಲ ದೂರ ಅದು. ಕಣ್ಣಿಗೆ ಕಾಣದ್ದನ್ನು ಕೈಗೆ ಕೊಟ್ಟು ತಿಳಿಸುವ ಅಧ್ಯಾಪಕಿ ಅವರೊಳಗೆ ಕಡೆಯವರೆಗೂ ಇದ್ದಳು. ಹಿಂದಿನಿಂದ ಹೀಗೇ ನಡೆದುಬಂದಿದೆ ಎಂಬ ಸಮಜಾಯಿಷಿಯನ್ನು ಅವರು ಸಹಿಸುತ್ತಿರಲಿಲ್ಲ. ಅದಕ್ಕೆಂದೇ ಕೊಠಡಿಯಲ್ಲಿ ಹಿಮ್ಮುಖವಾಗಿ ತಿರುಗುವ ಗಡಿಯಾರವನ್ನು ತೂಗುಹಾಕಿದ್ದರು. 1986ರ ಆಗಸ್ಟಿನಲ್ಲಿ, 79ರ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಪದವಿಯೊಂದಿಗೆ ನಿವೃತ್ತರಾದರು. ಮುಂದೆ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯ ಸಲಹೆಗಾರರಾಗಿ ದುಡಿದು 1992ರ ಜನವರಿ 1ರಂದು ತೀರಿಕೊಂಡರು.

ಹಾಪರ್ ಕಣ್ಮುಚ್ಚಿದ ವರ್ಷದ ಕೊನೆಗೆ ಮೈಕ್ರೋಸಾಫ್ಟ್ ಆಕ್ಸೆಸ್ ಮಾರುಕಟ್ಟೆಗೆ ಬಂದಿತು. ಅದಕ್ಕೂ ಮೊದಲೇ ಡಿಬೇಸ್, ಫಾಕ್ಸ್‌ಪ್ರೊಗಳು ಬಳಕೆಯಲ್ಲಿದ್ದವು. ನೆಲಮಾಳಿಗೆ ತುಂಬುತ್ತಿದ್ದ ಯಂತ್ರದ ಕೆಲಸ ಮೇಜಿನ ಮೇಲಿನ ಪೆಟ್ಟಿಗೆಗೆ ಬಂದಿತು. ಸಹಕಾರ ಸಂಘದ ಸಾಲದ ಖಾತೆ, ಅಡತಿ ಅಂಗಡಿಯ ತೊಗರಿ-ಹತ್ತಿಯ ಲೆಕ್ಕ, ಶಾಲೆಯ ದಾಖಲಾತಿ ಇವೆಲ್ಲ ಒಂದೊಂದು ಕಡತದಲ್ಲಿ ಅಡಗುವಂತಾಯಿತು. ಆದರೆ ನೆಲಮಾಳಿಗೆಯಲ್ಲಿದ್ದ ಲಾಗ್ ಪುಸ್ತಕ ಮೇಜಿಗೆ ಬರಲಿಲ್ಲ. ಇಬ್ಬರು ಒಂದೇ ದಾಖಲೆಯನ್ನು ಒಟ್ಟಿಗೆ ತೆರೆದು ತಿದ್ದುತ್ತಾರೆ. ಅಂಕಿ ಬರೆಯಬೇಕಾದ ಜಾಗದಲ್ಲಿ ಅಕ್ಷರ ಬೀಳುತ್ತದೆ. ಒಂದೇ ಖಾತೆಯ ಸಂಖ್ಯೆ ಎರಡು ಬಾರಿ ದಾಖಲಾಗಲು ಬರುತ್ತದೆ. ಬರೆಯುತ್ತಿರುವಾಗಲೇ ವಿದ್ಯುತ್ ಹೋಗಿ ಕಡತವೇ ಕೆಡುತ್ತದೆ. ಯಂತ್ರ ಒಂದು ಸಂಖ್ಯೆಯನ್ನೂ ಒಂದು ಇಂಗ್ಲಿಷ್ ವಾಕ್ಯವನ್ನೂ ತೋರಿಸುತ್ತದೆ. ಕುಳಿತವರು ಸರಿ ಎಂಬ ಗುಂಡಿಯನ್ನು ಒತ್ತಿ ಮುಂದೆ ಹೋಗುತ್ತಾರೆ. ಇನ್ನೂ ಕೆಡುಕಿನದು ಪ್ರೋಗ್ರಾಂ ಬರೆದವರ ಚಾಳಿ. ದೋಷ ಬಂದರೆ ಹೇಳದೆ ಮುಂದಿನ ಸಾಲಿಗೆ ಹೋಗು ಎಂಬ ಆದೇಶವನ್ನು ಮೊದಲೇ ಬರೆದಿಟ್ಟು, ತಮ್ಮ ತಂತ್ರಾಂಶದಲ್ಲಿ ದೋಷವೇ ಬರುವುದಿಲ್ಲವೆಂಬ ಹೆಸರು ಗಳಿಸುವವರಿದ್ದಾರೆ.

ಮಾಡಬೇಕಾದದ್ದು ಕಷ್ಟದ ಕೆಲಸವಲ್ಲ. ದೋಷ ಕಂಡಾಗಲೆಲ್ಲ ತಂತ್ರಾಂಶ ತಾನೇ ಒಂದು ಕೋಷ್ಟಕದಲ್ಲಿ ತಾರೀಖು, ಗಂಟೆ, ಯಂತ್ರದ ಹೆಸರು, ಕೆಲಸ ಮಾಡುತ್ತಿದ್ದವರ ಹೆಸರು, ತೆರೆದಿದ್ದ ನಮೂನೆ, ದೋಷದ ಸಂಖ್ಯೆ, ಆ ಹೊತ್ತಿನಲ್ಲಿ ಬರೆಯುತ್ತಿದ್ದ ಅಂಕಿ ಇವನ್ನು ದಾಖಲಿಸಬೇಕು. ಆ ಕೋಷ್ಟಕ ಮೂಲ ಕಡತದೊಳಗೆ ಇರದೆ ಬೇರೆ ಕಡತದಲ್ಲಿರಬೇಕು. ಮನೆಗೆ ಬೆಂಕಿ ಬಿದ್ದಾಗ ಮನೆಯೊಳಗೇ ಇದ್ದ ವಿಮೆಯ ಕಾಗದವೂ ಸುಟ್ಟುಹೋದಂತಾಗಬಾರದು. ಪರಿಹಾರ ಹುಡುಕುವಾಗ ಒಂದು ಬಾರಿಗೆ ಒಂದನ್ನೇ ಬದಲಿಸಿ ನೋಡಬೇಕು, ಏನು ಬದಲಿಸಿದೆವೆಂಬುದನ್ನೂ ಬರೆಯಬೇಕು. ಗುಮಾಸ್ತನನ್ನು ಶಿಕ್ಷಿಸಲು ಈ ಪುಸ್ತಕವನ್ನು ಬಳಸಬಾರದು. ಶಿಕ್ಷೆಯ ಭಯವಿದ್ದಲ್ಲಿ ಮೊದಲು ಮಾಯವಾಗುವುದು ಲಾಗ್ ಪುಸ್ತಕದ ಪುಟ.

ಇದು ಬರೀ ತಂತ್ರಜ್ಞರ ವಿಷಯವಲ್ಲ. ಕರ್ನಾಟಕದಲ್ಲಿ ಭೂದಾಖಲೆಗಳ ಗಣಕೀಕರಣದ ಮೊದಲ ಪ್ರಯೋಗ 1991ರಲ್ಲಿ ಕೈಗೊಂಡದ್ದು ಅಂದಿನ ಗುಲ್ಬರ್ಗ ಜಿಲ್ಲೆಯಲ್ಲಿ. ಸುರಪುರ ತಾಲ್ಲೂಕೂ ಕೆಂಭಾವಿಯೂ ಆಗ ಅದೇ ಜಿಲ್ಲೆಗೆ ಸೇರಿದ್ದವು. ಆ ಪ್ರಯೋಗ ಪೂರ್ಣ ಫಲ ಕೊಡಲಿಲ್ಲವಾದರೂ 2000ದ ದಶಕದ ಆರಂಭದಲ್ಲಿ ಭೂಮಿ ಯೋಜನೆ ರಾಜ್ಯದ ಎಲ್ಲ ತಾಲ್ಲೂಕುಗಳಿಗೂ ವಿಸ್ತರಿಸಿತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು. ಆರಂಭದಲ್ಲಿ 15 ರೂಪಾಯಿ ಕೊಟ್ಟರೆ ಪಹಣಿಯ ಪ್ರತಿ ಕೈಗೆ ಸಿಗುತ್ತಿತ್ತು. ಗ್ರಾಮ ಲೆಕ್ಕಿಗರ ಮರ್ಜಿ ಕಾಯುವ ಕಷ್ಟ ತಪ್ಪಿತು. ದಾಖಲೆಯನ್ನು ಬದಲಿಸುವ ಸಿಬ್ಬಂದಿಯ ಬೆರಳಚ್ಚು ಪಡೆದು, ಯಾರು ಏನು ಬದಲಿಸಿದರೆಂಬುದು ವ್ಯವಸ್ಥೆಯಲ್ಲಿ ಉಳಿಯುವಂತೆ ಮಾಡಿದ್ದು ದೂರದೃಷ್ಟಿಯ ಕ್ರಮ. ಅಷ್ಟರ ಮಟ್ಟಿಗೆ ಭೂಮಿ ಯೋಜನೆ ಹಾಪರ್ ಅವರ ಪರಂಪರೆಗೆ ಸೇರಿದ್ದು.

ಆದರೆ ಕಂಪ್ಯೂಟರಿಗೆ ಏರುವ ಮೊದಲೇ ಆಗಿಹೋದ ತಪ್ಪುಗಳ ಕಥೆ ಬೇರೆ. ಈ ಭಾಗ ನಿಜಾಮರ ಆಡಳಿತದಲ್ಲಿದ್ದಾಗ ಕಂದಾಯದ ದಾಖಲೆಗಳು ಉರ್ದುವಿನಲ್ಲಿದ್ದವು. ಅಲ್ಲಿಂದ ಕನ್ನಡದ ಕೈಬರಹಕ್ಕೆ, ಕೈಬರಹದಿಂದ ಕಂಪ್ಯೂಟರಿಗೆ ಹೆಸರುಗಳೂ ಅಳತೆಗಳೂ ದಾಟಿಬಂದವು. ಪ್ರತಿ ದಾಟುವಿಕೆಯೂ ಒಂದು ನಕಲು. ವಿದ್ಯಾವಂತ ಗಣಿತಜ್ಞರ ಕೈಯಲ್ಲಿ ಬಿ ಅಕ್ಷರ 13 ಆದಂತೆ ಇಲ್ಲಿ ಭೀಮರಾಯ ಭೀಮಣ್ಣನಾದರೆ ಆಶ್ಚರ್ಯವಿಲ್ಲ. ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ಸುರಪುರ, ಶಹಾಪುರ ಸೀಮೆಯಲ್ಲಿ ಕಾಲುವೆಗೆ ಹೋದ ಭೂಮಿಯನ್ನು ಕಳೆಯಬೇಕಾಯಿತು. ನೀರು ಬಂದ ಭೂಮಿಯ ಬೆಲೆ ಏರಿ ಗುಂಟೆ ಗುಂಟೆಗೂ ಮಹತ್ವ ಬಂದಿತು. ಪಹಣಿಯ ಮೂರನೇ ಕಾಲಂನ ವಿಸ್ತೀರ್ಣಕ್ಕೂ ಒಂಬತ್ತನೇ ಕಾಲಂನಲ್ಲಿ ಖಾತೆದಾರರ ಹೆಸರಿನ ಮುಂದಿರುವ ವಿಸ್ತೀರ್ಣಕ್ಕೂ ತಾಳೆಯಾಗದ ಪ್ರಕರಣಗಳು ರಾಜ್ಯದಲ್ಲಿ ಎಷ್ಟೊಂದು ಇವೆಯೆಂದರೆ, ಅವನ್ನು ಸರಿಪಡಿಸಲು ಅದಾಲತ್ತುಗಳನ್ನೇ ನಡೆಸಬೇಕಾಗಿ ಬಂದಿದೆ. ಇಂದು ಬೆಳೆ ಪರಿಹಾರ, ಬ್ಯಾಂಕಿನ ಸಾಲ, ಆಧಾರ್ ಜೋಡಣೆಯಾದ ಖಾತೆಗೆ ಬರುವ ಹಣ ಎಲ್ಲಕ್ಕೂ ಒಂದು ದಾಖಲೆಯ ಹೆಸರು ಇನ್ನೊಂದು ದಾಖಲೆಯ ಹೆಸರಿಗೆ ಹೊಂದಬೇಕು. ಒಂದು ಒತ್ತಕ್ಷರ ತಪ್ಪಿದರೂ ಮಳೆ ಕೈಕೊಟ್ಟ ವರ್ಷದಲ್ಲಿ ಪರಿಹಾರವೂ ಕೈಕೊಡುತ್ತದೆ.

ತಿದ್ದುಪಡಿಗೆ ದಾರಿ ಇಲ್ಲವೆಂದಲ್ಲ. ಅರ್ಜಿ ಕೊಡಬಹುದು, ಮೂಲ ದಾಖಲೆ ಹುಡುಕಿಸಬಹುದು, ತಹಸೀಲ್ದಾರರ ಆದೇಶ ಪಡೆಯಬಹುದು. ಆದರೆ ತಪ್ಪನ್ನು ಸಾಬೀತುಪಡಿಸುವ ಹೊರೆ ರೈತನ ಮೇಲಿದೆ. ಅದಕ್ಕೆ ಬೇಕಾದ ದಾಖಲೆಯೆಲ್ಲ ಕಚೇರಿಯೊಳಗಿದೆ. ಬದಲಾವಣೆಯ ದಾಖಲೆ ಯಂತ್ರದಲ್ಲಿ ಇದ್ದರೂ ಅದು ಮೇಲಧಿಕಾರಿಗಳ ಕಣ್ಣಿಗೆ ಇರುವುದೇ ಹೊರತು ಕಿಟಕಿಯ ಹೊರಗೆ ನಿಂತವನಿಗೆ ಸುಲಭವಾಗಿ ಓದಿ ಅರ್ಥವಾಗುವ ಭಾಷೆಯಲ್ಲಿ ಇಲ್ಲ. ಹಾಗಾಗಬೇಕಾದರೆ ನಾಡಕಚೇರಿಯಲ್ಲಿ ಒಂದು ದೋಷ ಪುಸ್ತಕವಿರಬೇಕು. ರೈತ ಹೇಳಿದ ತಪ್ಪು, ಹೇಳಿದ ದಿನ, ಅದು ಯಾವ ನಕಲಿನಲ್ಲಿ ಆದದ್ದೆಂದು ಪತ್ತೆಯಾಯಿತು, ತಿದ್ದಿದ ದಿನ, ತಿದ್ದಿದವರ ಸಹಿ ಇವಿಷ್ಟು ಕನ್ನಡದಲ್ಲಿ ಅದರಲ್ಲಿ ಬರೆದಿರಬೇಕು. ಯಾರು ಕೇಳಿದರೂ ತೋರಿಸಬೇಕು. ವರ್ಷದ ಕೊನೆಗೆ ಆ ಪುಸ್ತಕವನ್ನು ಕೂಡಿ ನೋಡಿದರೆ ಯಾವ ಬಗೆಯ ತಪ್ಪು ಎಲ್ಲಿ ಹೆಚ್ಚು ಎಂಬುದು ಸರ್ಕಾರಕ್ಕೂ ತಿಳಿಯುತ್ತದೆ; ಒಬ್ಬೊಬ್ಬ ರೈತನ ಅರ್ಜಿಯಾಗಿ ಬರುವ ತಪ್ಪನ್ನು ಊರಿಗೇ ಒಟ್ಟಾಗಿ ತಿದ್ದಬಹುದು.

ನಮ್ಮ ಕಂದಾಯದ ಸಂಪ್ರದಾಯಕ್ಕೆ ಇದು ಹೊರಗಿನದಲ್ಲ. ಹಳೆಯ ರಿಜಿಸ್ಟರುಗಳಲ್ಲಿ ತಪ್ಪು ಬಿದ್ದರೆ ಅಳಿಸಿ ಬರೆಯಬಾರದು, ಮೊದಲಿನದು ಓದುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಹಾಕಿ ತಾರೀಖು ನಮೂದಿಸಬೇಕೆಂಬ ನಿಯಮವಿತ್ತು. ಹಾಗೆ ಎಳೆದ ಗೆರೆ ಇಲಾಖೆಗೆ ಅವಮಾನವೆನಿಸುತ್ತಿರಲಿಲ್ಲ. ಅದು ಲೆಕ್ಕದ ಪ್ರಾಮಾಣಿಕತೆಯ ಗುರುತಾಗಿತ್ತು. ಕಂಪ್ಯೂಟರ್ ಬಂದ ಮೇಲೆ ಪುಟಗಳು ಅಚ್ಚುಕಟ್ಟಾದವು, ಗೆರೆಗಳು ಮಾಯವಾದವು. ಅಚ್ಚುಕಟ್ಟಾದದ್ದೆಲ್ಲ ಸರಿಯಾದದ್ದೆಂಬ ಭ್ರಮೆ ಆ ಗೆರೆಗಳ ಜಾಗಕ್ಕೆ ಬಂದಿತು.

ಅಮೆರಿಕ ಗ್ರೇಸ್ ಹಾಪರ್ ಅವರನ್ನು ಮರೆತಿಲ್ಲ. ಯುದ್ಧನೌಕೆಯೊಂದಕ್ಕೆ ಅವರ ಹೆಸರಿದೆ, ಯೇಲ್ ವಿಶ್ವವಿದ್ಯಾಲಯದ ಕಾಲೇಜೊಂದಕ್ಕೆ ಅವರ ಹೆಸರಿದೆ, 2016ರಲ್ಲಿ ಆ ದೇಶದ ಅತ್ಯುನ್ನತ ನಾಗರಿಕ ಪ್ರಶಸ್ತಿಯನ್ನು ಮರಣೋತ್ತರವಾಗಿ ಅವರಿಗೆ ನೀಡಲಾಗಿದೆ. ಇಂತಹ ಗೌರವಗಳಿಗೂ ಕೆಂಭಾವಿಯ ರೈತನಿಗೂ ಸಂಬಂಧವಿಲ್ಲ. ಅವನಿಗೆ ಬೇಕಾದದ್ದು ಆ ಮಹಿಳೆ ದುಡಿದ ಕೊಠಡಿಯಲ್ಲಿದ್ದ ಒಂದು ಸಾಮಾನ್ಯ ಪುಸ್ತಕ. ತನ್ನ ಪಹಣಿಯ ಮೂವತ್ತು ಗುಂಟೆ ಯಾವ ದಿನ, ಎಷ್ಟು ಗಂಟೆಗೆ, ಯಾವ ನಕಲಿನಲ್ಲಿ ಕಾಣೆಯಾಯಿತೆಂದು ಕೇಳುವ ಹಕ್ಕು ಅವನಿಗಿದೆ. ಆ ಪ್ರಶ್ನೆಗೆ ಒಂದು ತಾರೀಖಿನ ಉತ್ತರ ಕೊಡಬಲ್ಲ ಕಚೇರಿಯನ್ನೇ ಗಣಕೀಕೃತ ಕಚೇರಿ ಎನ್ನಬೇಕು.